ಏರ್‌ಪೋರ್ಟು ಹೋದರೂ ಅದರ ಸೂರು ಹೋಗಿಲ್ಲ!

ಎಚ್.ಎ.ಎಲ್. ಸುತ್ತ ಆಫೀಸು ಕಟ್ಟೋರು ತಲೆ ಎತ್ತಿ ನೋಡಬೇಕಾದ ವಿಷಯ

ಬೆಂಗಳೂರು: ಹಳೇ ವಿಮಾನ ನಿಲ್ದಾಣ ರಸ್ತೆಯ ಉದ್ದಕ್ಕೂ ಒಂದು ಮಾತು ಚಾಲ್ತಿಯಲ್ಲಿದೆ. "ಏರ್‌ಪೋರ್ಟು ದೇವನಹಳ್ಳಿಗೆ ಹೋಯ್ತಲ್ಲ, ಇನ್ನೆಂಥಾ ಎತ್ತರದ ರೂಲು?" ಸೈಟು ಮಾರೋರ ಬಾಯಲ್ಲೂ ಇದೇ ಮಾತು, ಪ್ಲಾನು ಬರೆಸೋರ ಬಾಯಲ್ಲೂ ಇದೇ ಮಾತು. ರಸ್ತೆಯ ಹೆಸರಿನಲ್ಲೇ "ಹಳೇ" ಅಂತ ಸೇರಿಕೊಂಡ ಮೇಲೆ ಜನ ಹಾಗೆ ತಿಳಿದರೆ ತಪ್ಪೇನೂ ಇಲ್ಲ. ಆದರೆ ಮಾತು ಮಾತ್ರ ಸುಳ್ಳು.

2008ರ ಮೇ 24ರಂದು ಇಲ್ಲಿಂದ ಹೋದದ್ದು ಟಿಕೆಟು ಕೊಂಡು ಹತ್ತುವ ವಿಮಾನಗಳು ಅಷ್ಟೇ. ರನ್‌ವೇ ಎಲ್ಲಿಗೂ ಹೋಗಲಿಲ್ಲ. ಸುಮಾರು 3,300 ಮೀಟರ್ ಉದ್ದದ ಆ ಡಾಂಬರು ಪಟ್ಟಿ ಪೂರ್ವ ಪಶ್ಚಿಮವಾಗಿ ಇದ್ದ ಜಾಗದಲ್ಲೇ ಮಲಗಿದೆ. ಪ್ರಧಾನಿ, ರಾಷ್ಟ್ರಪತಿಗಳ ವಿಮಾನ ಇಳಿಯುವುದು ಇಲ್ಲಿಯೇ. ಶ್ರೀಮಂತರ ಬಾಡಿಗೆ ಜೆಟ್ಟುಗಳು, ವಾಯುಪಡೆಯ ಸಾಗಣೆ ವಿಮಾನಗಳು ಬಂದು ಹೋಗುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಈ ದೇಶದಲ್ಲಿ ಹೊಸದಾಗಿ ಹುಟ್ಟಿದ ವಿಮಾನ ಮೊದಲ ಸಲ ನೆಲ ಬಿಡುವ ಜಾಗ ಇದು. 1961ರಲ್ಲಿ ಮಾರುತ್, 1992ರಲ್ಲಿ ಧ್ರುವ್ ಹೆಲಿಕಾಪ್ಟರ್, 2001ರ ಜನವರಿ 4ರಂದು ತೇಜಸ್ ಎಲ್ಲವೂ ಮೊದಲು ಎದ್ದದ್ದು ಇಲ್ಲಿಂದ. ಇಂದಿಗೂ ಮುರುಗೇಶಪಾಳ್ಯ, ವಿಭೂತಿಪುರ, ಯಮಲೂರಿನ ಮಕ್ಕಳಿಗೆ ಪಾಠದ ನಡುವೆ ಫೈಟರ್ ಸದ್ದು ಕೇಳಿದರೆ ಮೇಷ್ಟ್ರು ಒಂದು ನಿಮಿಷ ಸುಮ್ಮನಾಗುವುದು ರೂಢಿ.

ಹೊಸ ವಿಮಾನದ ಪರೀಕ್ಷೆ ಅಂದರೆ, ಅದು ಹೇಗೆ ಹಾರುತ್ತೆ ಅಂತ ಇನ್ನೂ ಪೂರ್ತಿ ಗೊತ್ತಿಲ್ಲ ಅಂತಲೇ ಅರ್ಥ. ಗೊತ್ತಿದ್ದರೆ ಪರೀಕ್ಷೆ ಯಾಕೆ ಬೇಕು? ಅಂಥ ವಿಮಾನ ಏಳುವ ಇಳಿಯುವ ದಾರಿಯ ಕೆಳಗೆ, ಅಕ್ಕಪಕ್ಕದಲ್ಲಿ, ಗಾಜಿನ ಗೋಡೆಯ ಆಫೀಸುಗಳು ವರ್ಷಕ್ಕೆ ವರ್ಷ ಒಂದೊಂದು ಅಂತಸ್ತು ಹೆಚ್ಚಿಸಿಕೊಂಡು ಏಳುತ್ತಿವೆ. ದೊಮ್ಮಲೂರು, ಚಲ್ಲಘಟ್ಟ, ದೊಡ್ಡನೆಕ್ಕುಂದಿ, ಮಾರತಹಳ್ಳಿ, ಯಾವ ಕಡೆ ತಿರುಗಿದರೂ ಕ್ರೇನು. ಜಾಗದ ಬೆಲೆ ನೋಡಿದರೆ ನಾಲ್ಕು ಅಂತಸ್ತು ಕಟ್ಟಿ ಯಾರೂ ಅಸಲು ಎತ್ತಲಾರರು. ಅದಕ್ಕೇ ಎಲ್ಲರ ಕಣ್ಣೂ ಮೇಲಕ್ಕೆ.

ಕಾಣದ ಸೂರು

ವಿಮಾನ ನಿಲ್ದಾಣದ ಸುತ್ತ ಆಕಾಶದಲ್ಲಿ ಒಂದು ಸೂರು ಇದೆ. ಕಣ್ಣಿಗೆ ಕಾಣುವುದಿಲ್ಲ, ಕಾಗದದ ಮೇಲಿದೆ. ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆಯ ಲೆಕ್ಕವನ್ನೇ ಭಾರತ ಸರ್ಕಾರ 2015ರ ಎತ್ತರ ಮಿತಿ ನಿಯಮಗಳಲ್ಲಿ ಸೇರಿಸಿಕೊಂಡಿದೆ. ದೊಡ್ಡ ರನ್‌ವೇ ಇರುವ ನಿಲ್ದಾಣವಾದರೆ ಸುತ್ತ 4 ಕಿಲೋಮೀಟರ್‌ವರೆಗೆ ಈ ಸೂರು ನಿಲ್ದಾಣದ ಮಟ್ಟದಿಂದ 45 ಮೀಟರ್ ಎತ್ತರದಲ್ಲಿ ಚಪ್ಪಟೆಯಾಗಿ ಹಾಸಿಕೊಂಡಿದೆ. ಅಲ್ಲಿಂದಾಚೆ 2 ಕಿಲೋಮೀಟರ್ ದೂರ, 100 ಮೀಟರಿಗೆ 5 ಮೀಟರಿನಂತೆ ಬೋಗುಣಿಯ ಅಂಚಿನ ಹಾಗೆ ಮೇಲೇರುತ್ತದೆ. ಆಮೇಲೆ 15 ಕಿಲೋಮೀಟರ್‌ವರೆಗೆ 150 ಮೀಟರ್ ಎತ್ತರದಲ್ಲಿ ಮತ್ತೆ ಚಪ್ಪಟೆ.

ರನ್‌ವೇಯ ಎರಡು ತುದಿಗಳಲ್ಲಿ ಲೆಕ್ಕ ಇನ್ನೂ ಬಿಗಿ. ವಿಮಾನ ಇಳಿದು ಬರುವ ದಾರಿಯಲ್ಲಿ ಸೂರು ನೆಲದಿಂದಲೇ ಶುರುವಾಗುತ್ತದೆ. ರನ್‌ವೇ ಹೊಸ್ತಿಲಿನಿಂದ 60 ಮೀಟರ್ ಬಿಟ್ಟು, ಅಲ್ಲಿಂದ 100 ಮೀಟರಿಗೆ ಬರೇ 2 ಮೀಟರಿನಂತೆ ಏರುತ್ತದೆ. ಅಂದರೆ ಹೊಸ್ತಿಲಿನಿಂದ ಒಂದು ಕಿಲೋಮೀಟರ್ ದೂರದಲ್ಲಿ ಕಟ್ಟಬಹುದಾದ ಎತ್ತರ ಸುಮಾರು 19 ಮೀಟರ್. ಎ.ಸಿ. ಕೊಳವೆ, ಸುಳ್ಳು ಸೂರು ಎಲ್ಲ ಸೇರಿ ಆಫೀಸಿನ ಒಂದು ಅಂತಸ್ತಿಗೆ 4 ಮೀಟರ್ ಬೇಕು. ನಾಲ್ಕು ಅಂತಸ್ತು ಕಟ್ಟಿ, ಲಿಫ್ಟಿನ ಕೋಣೆ ಇಟ್ಟರೆ ಮುಗಿಯಿತು. ಎರಡು ಕಿಲೋಮೀಟರ್ ದೂರ ಹೋದರೆ 39 ಮೀಟರಿನ ಆಸುಪಾಸು. ಅದರಾಚೆ ಸ್ವಲ್ಪ ದೂರಕ್ಕೇ 45 ಮೀಟರಿನ ಚಪ್ಪಟೆ ಸೂರು ಅಡ್ಡ ಬರುತ್ತದೆ. ಯಾವುದು ಕೆಳಗಿದೆಯೋ ಅದೇ ಲೆಕ್ಕಕ್ಕೆ.

ಇಲ್ಲೊಂದು ಸೂಕ್ಷ್ಮ ಇದೆ, ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. 45 ಮೀಟರ್ ಅಂದರೆ ನಿಮ್ಮ ಸೈಟಿನ ನೆಲದಿಂದ ಅಲ್ಲ, ನಿಲ್ದಾಣದ ಮಟ್ಟದಿಂದ. ಎಚ್.ಎ.ಎಲ್. ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 888 ಮೀಟರ್ ಮೇಲಿದೆ. ಅದಕ್ಕೆ 45 ಸೇರಿಸಿದರೆ 933. ನಿಮ್ಮ ಸೈಟು 900 ಮೀಟರ್ ದಿಣ್ಣೆಯ ಮೇಲಿದ್ದರೆ ನಿಮಗೆ ಸಿಗುವುದು 33 ಮೀಟರ್ ಮಾತ್ರ. ಪಕ್ಕದ ತಗ್ಗಿನಲ್ಲಿ 880ರಲ್ಲಿ ಸೈಟಿದ್ದವನಿಗೆ 53. "ಎದುರುಗಡೆಯವರು ಹನ್ನೆರಡು ಮಾಡಿದ್ದಾರೆ, ನಮಗ್ಯಾಕೆ ಎಂಟು?" ಅಂತ ಜಗಳ ತೆಗೆಯುವವರಿಗೆ ಇದೇ ಉತ್ತರ. ಕೆರೆಯ ಕಡೆಗೆ ಇಳಿಜಾರು, ಊರಿನ ಕಡೆಗೆ ದಿಣ್ಣೆ ಇರೋ ಬೆಂಗಳೂರಿನಲ್ಲಿ ಬೀದಿ ದಾಟಿದರೆ ಲೆಕ್ಕ ಬದಲಾಗುತ್ತದೆ.

ಇನ್ನು ಎತ್ತರ ಅಂದರೆ ಕೊನೆಯ ಮೋಲ್ಡಿನವರೆಗೆ ಅಂತ ತಿಳಿದವರೂ ಬೇಕಾದಷ್ಟು. ಅಲ್ಲ. ನೀರಿನ ಟ್ಯಾಂಕು, ಮೆಟ್ಟಿಲಿನ ಹೆಡ್‌ರೂಮು, ಸಿಡಿಲು ತಡೆಯುವ ಸಲಾಕೆ, ಮೊಬೈಲ್ ಗೋಪುರ, ಕಂಪನಿಯ ಹೆಸರು ಹೊತ್ತ ಬೆಳಕಿನ ಫಲಕ ಎಲ್ಲವೂ ಆ ಮಿತಿಯ ಒಳಗೇ ಇರಬೇಕು. ಕಟ್ಟಡ ಸರಿಯಾಗಿ ಕಟ್ಟಿ, ಮೇಲೆ ಟವರು ಬಾಡಿಗೆಗೆ ಕೊಟ್ಟು ಕೆಟ್ಟವರಾಗುವುದು ಎಷ್ಟು ಸುಲಭ ನೋಡಿ.

"ವಿಮಾನ ಅಷ್ಟು ಮೇಲೆ ಹೋಗುತ್ತಲ್ಲ!"

ಕಟ್ಟೋರ ಕಡೆಯಿಂದ ಬರುವ ಪ್ರಶ್ನೆ ಒಂದಿದೆ. ಪ್ರಶ್ನೆ ನ್ಯಾಯವಾದದ್ದೇ. ಇಳಿಯುವ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ರನ್‌ವೇಗೆ 3 ಕಿಲೋಮೀಟರ್ ದೂರದಲ್ಲಿದ್ದಾಗ ಅದು 170 ಮೀಟರ್ ಎತ್ತರದಲ್ಲಿರುತ್ತದೆ. ಕೆಳಗೆ 50 ಮೀಟರಿನ ಆಫೀಸಿದ್ದರೆ ಏನು ಗಂಟು ಹೋಯ್ತು?

ಎಲ್ಲಾ ಸರಿಯಿದ್ದ ದಿನ ಏನೂ ಹೋಗುವುದಿಲ್ಲ. ಸೂರಿನ ಲೆಕ್ಕ ಹಾಕಿರುವುದು ಸರಿಯಿಲ್ಲದ ದಿನಕ್ಕೆ.

ಎರಡು ಇಂಜಿನ್ನಿನ ವಿಮಾನ ನೆಲ ಬಿಡುವ ಹೊತ್ತಿಗೆ ಸರಿಯಾಗಿ ಒಂದು ಇಂಜಿನ್ ಕೈಕೊಟ್ಟಿತು ಅಂತಿಟ್ಟುಕೊಳ್ಳಿ. ಚಕ್ರ ಮಡಿಸಿಕೊಂಡ ಮೇಲೆ ಅದು ಕನಿಷ್ಠ 2.4 ಶೇಕಡಾ ಏರುವ ಶಕ್ತಿ ಇರಬೇಕು ಅನ್ನುವುದು ವಿಮಾನ ತಯಾರಿಯ ನಿಯಮ. ಪೈಲಟ್ಟಿನ ಕೈ, ಹಳೇ ಇಂಜಿನ್ನು ಎಲ್ಲಕ್ಕೂ ಸೇರಿಸಿ ಅದರಲ್ಲಿ 0.8 ಕಳೆದು ಲೆಕ್ಕ ಹಾಕುತ್ತಾರೆ. ಉಳಿಯುವುದು 1.6. ಆ ಲೆಕ್ಕದ ಹಾದಿಯಲ್ಲಿ 3 ಕಿಲೋಮೀಟರ್ ದೂರ ಹೋದರೂ ವಿಮಾನ 60 ಮೀಟರಿನ ಆಸುಪಾಸಿನಲ್ಲೇ ತೆವಳುತ್ತಿರುತ್ತದೆ. ಹಾದಿಯಲ್ಲಿ ಏನಿದ್ದರೂ ಅದರ ನೆತ್ತಿಯಿಂದ ಕನಿಷ್ಠ 35 ಅಡಿ ಮೇಲೆ ಹೋಗಬೇಕು. ಈಗ 45 ಮೀಟರಿಗೆ ಇನ್ನೆರಡು ಅಂತಸ್ತು ಸೇರಿಸಿ ನೋಡಿ. ಉಳಿದದ್ದು ಎಷ್ಟು ಅಂತ ಶಾಲೆಯ ಹುಡುಗರೂ ಹೇಳಬಲ್ಲರು.

ಅದಕ್ಕೇ, ದಾರಿಯಲ್ಲಿ ಎತ್ತರದ ಕಟ್ಟಡ ಎದ್ದ ತಕ್ಷಣ ವಿಮಾನ ಬಡಿಯುತ್ತದೆ ಅಂತಲ್ಲ. ಅದಕ್ಕೂ ಮೊದಲೇ ಬೇರೆ ಬೇರೆ ರೀತಿಯಲ್ಲಿ ದಂಡ ಕಟ್ಟಬೇಕಾಗುತ್ತದೆ. ವಿಮಾನ ಹೊರುವ ಭಾರ ಇಳಿಸಬೇಕು, ಅಂದರೆ ಇಂಧನ ಕಮ್ಮಿ ಇಲ್ಲವೇ ಜನ ಕಮ್ಮಿ. ರನ್‌ವೇ ಹೊಸ್ತಿಲನ್ನೇ ಒಳಕ್ಕೆ ಸರಿಸಬೇಕು, ಅಂದರೆ ಕೋಟಿಗಟ್ಟಲೆ ಸುರಿದು ಹಾಸಿದ ಡಾಂಬರು ಅಷ್ಟರ ಮಟ್ಟಿಗೆ ದಂಡ. ಮಂಜು ಮುಸುಕಿದ ದಿನ ಪೈಲಟ್ಟು ಎಷ್ಟು ಕೆಳಗಿನವರೆಗೆ ನೆಲ ಕಾಣದೆ ಇಳಿಯಬಹುದು ಅನ್ನುವ ಮಿತಿಯನ್ನು ಮೇಲಕ್ಕೆತ್ತಬೇಕು, ಅಂದರೆ ಆ ದಿನ ವಿಮಾನ ಇಳಿಯದೆ ವಾಪಸು.

ಗಾಜು ಮತ್ತು ಉಕ್ಕಿನ ಗೋಡೆಗಳ ತಾಪತ್ರಯ ಬೇರೆಯೇ. ವಿಮಾನಕ್ಕೆ ದಾರಿ ತೋರಿಸುವ ರೇಡಿಯೋ ಅಲೆಗಳು ಇಂಥ ಗೋಡೆಗೆ ಬಡಿದು ವಾಪಸು ಬಂದರೆ ಉಪಕರಣದ ಮುಳ್ಳು ಅತ್ತಿತ್ತ ಆಡುತ್ತದೆ. ಕಟ್ಟುವಾಗ ನಿಲ್ಲಿಸುವ ಕ್ರೇನು ಕಟ್ಟಡಕ್ಕಿಂತ ಎತ್ತರ ಅನ್ನೋದನ್ನ ಅರ್ಜಿ ಬರೆಯುವಾಗ ಯಾರೂ ನೆನಪಿಸಿಕೊಳ್ಳುವುದಿಲ್ಲ.

ಗಾಲ್ಫ್ ಮೈದಾನದ ನೆನಪು

1990ರ ಫೆಬ್ರವರಿ 14ರ ಮಧ್ಯಾಹ್ನವನ್ನು ದೊಮ್ಮಲೂರು, ಚಲ್ಲಘಟ್ಟದ ಹಳಬರು ಮರೆತಿಲ್ಲ. ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ 320, ಹೊಸದೇ ವಿಮಾನ, ರನ್‌ವೇಗೆ ಇನ್ನೂ ಸುಮಾರು 2,300 ಅಡಿ ಇರುವಾಗಲೇ ಗಾಲ್ಫ್ ಮೈದಾನಕ್ಕೆ ಇಳಿದುಬಿಟ್ಟಿತು. ನೆಲಕ್ಕೆ ಬಡಿದು ಮೇಲೆದ್ದು, ಮತ್ತೆ ಕುಕ್ಕರಿಸಿ, ಮೈದಾನದ ಅಂಚಿನ ದಿಬ್ಬಕ್ಕೆ ಡಿಕ್ಕಿ ಹೊಡೆದು ಉರಿಯಿತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು, 54 ಮಂದಿ ಬದುಕಿದರು.

ಆ ದುರಂತಕ್ಕೆ ಕಟ್ಟಡ ಕಾರಣವಲ್ಲ. ಇಂಜಿನ್ ವೇಗ ಕುಸಿದದ್ದು ಕಾಕ್‌ಪಿಟ್ಟಿನಲ್ಲಿ ಹೊತ್ತಿಗೆ ಸರಿಯಾಗಿ ಗಮನಕ್ಕೆ ಬರಲಿಲ್ಲ. ಆದರೆ ಬದುಕುಳಿದ 54 ಜನ ಬಿದ್ದದ್ದು ಹುಲ್ಲಿನ ಮೇಲೆ ಅನ್ನುವುದು ನೆನಪಿರಲಿ. ಆವತ್ತು ಅಲ್ಲಿ ಮೈದಾನ, ತಗ್ಗು, ಮೋರಿ ಇತ್ತು. ಇವತ್ತು ಅದೇ ಮೈದಾನದ ಮಗ್ಗುಲಿಗೆ ಹಗಲು ರಾತ್ರಿ ಪಾಳಿಯಲ್ಲಿ ಸಾವಿರಾರು ಜನ ಕೆಲಸ ಮಾಡುವ ಆಫೀಸು ಸಮೂಹ ನಿಂತಿದೆ. ಅದು ನಿಯಮ ಮೀರಿದೆ ಅನ್ನುವ ಮಾತಲ್ಲ. ಮಾತು ಜಾಗದ್ದು. ಎತ್ತರದ ನಿಯಮ ವಿಮಾನವನ್ನು ಕಾಪಾಡುತ್ತದೆ, ಕೆಳಗಿರುವ ಜನರ ತಲೆ ಎಣಿಸುವುದಿಲ್ಲ. ನಾಲ್ಕೇ ಅಂತಸ್ತಾದರೂ ಅದರೊಳಗೆ ಎಷ್ಟು ಕುರ್ಚಿ ಹಾಕಬಹುದು ಅಂತ ಕೇಳುವ ಕಾಲಂ ಆ ಅರ್ಜಿಯಲ್ಲಿ ಇಲ್ಲ.

ರನ್‌ವೇಯ ಇನ್ನೊಂದು ತುದಿಗೂ ಕಥೆಯಿದೆ. 2019ರ ಫೆಬ್ರವರಿ 1ರಂದು ವಾಯುಪಡೆಯ ಮಿರಾಜ್ 2000 ಪರೀಕ್ಷಾ ಹಾರಾಟಕ್ಕೆ ಹೊರಟು ಯಮಲೂರು ಬದಿಯಲ್ಲಿ, ರನ್‌ವೇ ಮುಗಿದ ಕಡೆಯೇ ಬಿದ್ದು ಸುಟ್ಟುಹೋಯಿತು. ಇಬ್ಬರು ಯುವ ಪೈಲಟ್ಟರು ತೀರಿಕೊಂಡರು. ಮಿರಾಜ್‌ಗೂ ತೇಜಸ್‌ಗೂ ಇರುವುದು ಒಂದೇ ಇಂಜಿನ್. ಅದು ನಿಂತರೆ ಶೇಕಡಾ 1.6 ಅನ್ನುವ ಲೆಕ್ಕವೂ ಉಳಿಯುವುದಿಲ್ಲ. ಅಂದು ವಿಮಾನ ಇನ್ನೆರಡು ಕಿಲೋಮೀಟರ್ ಮುಂದೆ ಹೋಗಿದ್ದರೆ ಕೆಳಗೆ ಮಾರತಹಳ್ಳಿಯ ಹೊರವರ್ತುಲ ರಸ್ತೆ. ಬೆಳಗಿನ ಹೊತ್ತು ಅಲ್ಲಿನ ಟ್ರಾಫಿಕ್ಕು ಹೇಗಿರುತ್ತದೆ ಅಂತ ಬಸ್ಸಿನಲ್ಲಿ ನಿಂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಸೈಟು, ಹಲವು ಮೇಜು

ಈ ಸೂರನ್ನು ಕಾಯುವವರು ಯಾರು? ಬೆಂಗಳೂರಿನಲ್ಲಿ ಒಬ್ಬರಲ್ಲ. ದೇವನಹಳ್ಳಿ, ಎಚ್.ಎ.ಎಲ್., ಯಲಹಂಕದ ವಾಯುಪಡೆ ನೆಲೆ, ಜಕ್ಕೂರಿನ ತರಬೇತಿ ಮೈದಾನ ಹೀಗೆ ನಾಲ್ಕು ನಿಲ್ದಾಣ. ಒಂದೊಂದಕ್ಕೂ ತನ್ನದೇ ಸೂರು. ಎಚ್.ಎ.ಎಲ್. ಸುತ್ತ ಕಟ್ಟುವವನು ಎಚ್.ಎ.ಎಲ್.ನಿಂದಲೇ ನಿರಾಕ್ಷೇಪಣಾ ಪತ್ರ ತರಬೇಕು. ದೇವನಹಳ್ಳಿಯ ಸೂರಿನಡಿ ಬಂದರೆ ವಿಮಾನ ನಿಲ್ದಾಣ ಪ್ರಾಧಿಕಾರದಿಂದ. ಎರಡು ಸೂರು ಒಂದರ ಮೇಲೊಂದು ಬಿದ್ದ ಕಡೆ ಎರಡೂ ಬೇಕು. ಆಮೇಲೆ ಪ್ಲಾನು ಮಂಜೂರು ಮಾಡುವುದು ಊರಿನ ಪಾಲಿಕೆ. 2025ರ ಸೆಪ್ಟೆಂಬರಿನಲ್ಲಿ ಬಿ.ಬಿ.ಎಂ.ಪಿ. ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳಾದ ಮೇಲೆ ಕಡತಗಳೂ ಐದು ದಿಕ್ಕಿಗೆ ಹಂಚಿಹೋಗಿವೆ.

ಕಾಗದದ ಮೇಲೆ ವ್ಯವಸ್ಥೆ ಚೊಕ್ಕವಾಗಿದೆ. ಬಣ್ಣ ಬಣ್ಣದ ನಕಾಶೆ ಮಾಡಿದ್ದಾರೆ, ಕಂಪ್ಯೂಟರಿನಲ್ಲೇ ಅರ್ಜಿ ಹಾಕಬಹುದು. ತೂತು ಇರುವುದು ಬೇರೆ ಕಡೆ. ಸೈಟು ಸಮುದ್ರ ಮಟ್ಟದಿಂದ ಎಷ್ಟು ಮೇಲಿದೆ, ಯಾವ ಅಕ್ಷಾಂಶ, ಯಾವ ರೇಖಾಂಶ ಅಂತ ಬರೆದು ಕೊಡುವುದು ಅರ್ಜಿದಾರನೇ. ಪ್ರಾಧಿಕಾರ ಕೊಡುವ ಪತ್ರದಲ್ಲೇ ಸ್ಪಷ್ಟವಾಗಿ ಹೀಗಿದೆ: ಈ ಅಂಕಿಗಳ ಸತ್ಯಾಸತ್ಯಕ್ಕೆ ಪ್ರಾಧಿಕಾರ ಹೊಣೆಯಲ್ಲ, ಸುಳ್ಳಾದರೆ ಪತ್ರ ರದ್ದು. ನೆಲದ ಮಟ್ಟವನ್ನು ಹತ್ತು ಮೀಟರ್ ತಗ್ಗಿಸಿ ಬರೆದರೆ ಕಾಗದದ ಮೇಲೆ ಎರಡು ಅಂತಸ್ತು ಹೆಚ್ಚು ಹುಟ್ಟುತ್ತದೆ. ಸಿಕ್ಕಿಬಿದ್ದಾಗ ನಷ್ಟ ಯಾರಿಗೆ? ಕಟ್ಟಿದವನು ಆ ಹೊತ್ತಿಗೆ ಮಾರಿ ಕೈತೊಳೆದುಕೊಂಡಿರುತ್ತಾನೆ. ಸಾಲ ಮಾಡಿ ಮೇಲಂತಸ್ತು ಕೊಂಡವನು, ಅಲ್ಲಿ ಬಾಡಿಗೆಗಿದ್ದ ಸಣ್ಣ ಕಂಪನಿಯವನು ಬೀದಿಗೆ.

ಇದು ಹೆದರಿಸುವ ಮಾತಲ್ಲ. ಅಮೆರಿಕದ ಸ್ಯಾನ್ ಡಿಯಾಗೋ ಊರಿನಲ್ಲಿ ನಡೆದೇ ಹೋಗಿದೆ. ಅಲ್ಲಿ ಮಾಂಟ್‌ಗೊಮೆರಿ ಫೀಲ್ಡ್ ಅಂತ ನಗರಸಭೆಯದೇ ಒಂದು ಸಣ್ಣ ವಿಮಾನ ನಿಲ್ದಾಣ. ಅದರ ಹತ್ತಿರ ಸನ್‌ರೋಡ್ ಅನ್ನುವ ಕಂಪನಿ 12 ಅಂತಸ್ತಿನ, 180 ಅಡಿಯ ಆಫೀಸು ಕಟ್ಟಲು ಹೊರಟಿತು. ಪರ್ಮಿಟ್ಟು ಕೊಟ್ಟದ್ದು ಅದೇ ನಗರಸಭೆ! 160 ಅಡಿ ಮೀರಿದರೆ ವಿಮಾನಗಳಿಗೆ ಅಪಾಯ ಅಂತ 2006ರಲ್ಲಿ ಅಲ್ಲಿನ ಕೇಂದ್ರ ವಿಮಾನಯಾನ ಇಲಾಖೆ ಬರೆಯಿತು. ಆ ಇಲಾಖೆಗೆ ಅಪಾಯ ಅಂತ ಬರೆಯುವ ಅಧಿಕಾರ ಉಂಟು, ಕೆಡವುವ ಅಧಿಕಾರ ಇಲ್ಲ. ಕಟ್ಟಡ ಏರುತ್ತಲೇ ಇತ್ತು. ಕೊನೆಗೆ ನಗರದ ವಕೀಲರೇ ಕೋರ್ಟಿಗೆ ಹೋದರು, ಮೇಯರ್ ಮೇಲೆ ಪತ್ರಿಕೆಗಳು ಬಿದ್ದವು, 2007ರಲ್ಲಿ ಕಂಪನಿ ಮಣಿಯಿತು. ಕಟ್ಟಿದ ನೆತ್ತಿಯನ್ನು ಕತ್ತರಿಸಿ 160 ಅಡಿಗೆ ಇಳಿಸಿದರು.

ನಮ್ಮ ಮುಂಬಯಿಯಲ್ಲಿ ಇಷ್ಟು ಬೇಗ ಮುಗಿಯಲಿಲ್ಲ. ನಿಲ್ದಾಣದ ಸುತ್ತ ಮಿತಿ ಮೀರಿದ ಕಟ್ಟಡಗಳ ಮೇಲೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ವರ್ಷಗಟ್ಟಲೆ ನಡೆದು, 2022ರ ಜುಲೈನಲ್ಲಿ ಬಾಂಬೆ ಹೈಕೋರ್ಟು 48 ಕಟ್ಟಡಗಳ ಹೆಚ್ಚುವರಿ ಭಾಗ ತೆಗೆಸಲು ಜಿಲ್ಲಾ ಕಲೆಕ್ಟರಿಗೆ ಹೇಳಬೇಕಾಯಿತು. ಕಲೆಕ್ಟರು ಯಾಕೆ ಅಂದರೆ, ಕೆಡವುವ ಕೆಲಸ ಕಾನೂನಿನ ಪ್ರಕಾರ ಕೊನೆಗೆ ಬಂದು ಬೀಳುವುದು ಅವರ ಮೇಜಿನ ಮೇಲೆಯೇ.

ಕೆಡವುವ ನಿಯಮ ಹೊಸದೇನಲ್ಲ. ಕಟ್ಟಡ, ಮರಗಳ ಅಡಚಣೆ ತೆಗೆಸುವ ನಿಯಮ 1994ರಲ್ಲೇ ಬಂದಿತ್ತು. 1934ರ ವಿಮಾನ ಕಾಯಿದೆ ಹೋಗಿ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಗೆ ಬಂತು. ಅಹಮದಾಬಾದಿನಲ್ಲಿ ಅದೇ ವರ್ಷ ಜೂನ್ 12ರಂದು ಏರ್ ಇಂಡಿಯಾ ವಿಮಾನ ಮೆಡಿಕಲ್ ಕಾಲೇಜಿನ ಹಾಸ್ಟೆಲಿನ ಮೇಲೆ ಬಿದ್ದು 260 ಜನ ಸತ್ತರು, ಅದರಲ್ಲಿ 19 ಜನ ನೆಲದ ಮೇಲಿದ್ದವರು. ಅಲ್ಲೂ ವಿಮಾನ ಬಿದ್ದದ್ದು ಕಟ್ಟಡದ ಎತ್ತರದಿಂದಲ್ಲ. ಆದರೆ ಒಂದು ವಾರದೊಳಗೆ, ಜೂನ್ 18ರಂದು, ಅಡಚಣೆ ಕೆಡವುವ ಹೊಸ ನಿಯಮಗಳ ಕರಡು ಹೊರಬಿತ್ತು. ಮಿತಿ ಮೀರಿದ ಕಟ್ಟಡಕ್ಕೆ ನಿಲ್ದಾಣದ ಅಧಿಕಾರಿಯೇ ನೋಟೀಸು ಕೊಡಬಹುದು, ಮಾಲೀಕ 60 ದಿನದೊಳಗೆ ವಿವರ ಒಪ್ಪಿಸಬೇಕು, ಒಪ್ಪದಿದ್ದರೆ ಕಡತ ಕಲೆಕ್ಟರಿಗೆ ಅನ್ನುವುದು ಕರಡಿನ ಸಾರ.

ಜಕ್ಕೂರಿನದು ಇನ್ನೊಂದು ತಮಾಷೆ. ದಶಕಗಳಿಂದ ಅಲ್ಲಿ ಸರ್ಕಾರದ್ದೇ ವಿಮಾನ ತರಬೇತಿ ಶಾಲೆ. ದೇವನಹಳ್ಳಿಯ ಹೊಸ ಏರ್‌ಪೋರ್ಟಿಗೆ ಜನ ಬೇಗ ಹೋಗಲಿ ಅಂತ ಬಳ್ಳಾರಿ ರಸ್ತೆಯಲ್ಲಿ ಎತ್ತರದ ಮೇಲುರಸ್ತೆ ಕಟ್ಟಿದರು. ಅದು ಜಕ್ಕೂರಿನ ರನ್‌ವೇ ತುದಿಗೇ ಅಡ್ಡ ಬಂದು, ಬಳಸಬಹುದಾದ ಉದ್ದ ಮೊಟಕಾಯಿತು. ಒಂದು ಏರ್‌ಪೋರ್ಟಿಗೆ ದಾರಿ ಮಾಡಲು ಹೋಗಿ ಇನ್ನೊಂದರ ದಾರಿ ಮುಚ್ಚಿದ್ದು ಖಾಸಗಿ ಬಿಲ್ಡರ್ ಅಲ್ಲ ಅನ್ನೋದನ್ನೂ ಹೇಳಿಬಿಡಬೇಕು.

ಎಚ್.ಎ.ಎಲ್. ಸುತ್ತಮುತ್ತ ಆಫೀಸು ಕೊಳ್ಳೋರು, ಬಾಡಿಗೆಗೆ ಹಿಡಿಯೋರು ಮಾಲೀಕನ ಬಳಿ ಕೇಳಬೇಕಾದ ಕಾಗದ ಒಂದೇ. ಅದು ನಿರಾಕ್ಷೇಪಣಾ ಪತ್ರ. ಅದರಲ್ಲಿ ನೋಡಬೇಕಾದದ್ದು ಅಂತಸ್ತಿನ ಸಂಖ್ಯೆ ಅಲ್ಲ, ಸಮುದ್ರ ಮಟ್ಟದಿಂದ ಕಟ್ಟಡದ ನೆತ್ತಿ ಎಷ್ಟಿರಬಹುದು ಅನ್ನುವ ಮೀಟರಿನ ಅಂಕಿ. ಆಮೇಲೆ ಪತ್ರದ ತಾರೀಖು. ಪ್ರಾಧಿಕಾರದ ಪತ್ರಕ್ಕೆ 8 ವರ್ಷದ ಆಯುಷ್ಯ, ಅಷ್ಟರೊಳಗೆ ಕಟ್ಟಡ ಮುಗಿದಿರಬೇಕು. ಅದೇ ಪತ್ರದ ಷರತ್ತುಗಳಲ್ಲಿ, ಜನ ಓದದೇ ಬಿಡುವ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲೂ ಇರುತ್ತದೆ: ವಿಮಾನಗಳ ಸದ್ದು, ಅದುರುವಿಕೆ, ಹಾರಾಟದಿಂದ ಆಗುವ ಹಾನಿ ಇವುಗಳ ಬಗ್ಗೆ ಅರ್ಜಿದಾರ ದೂರು ಕೊಡುವಂತಿಲ್ಲ, ಪರಿಹಾರವನ್ನೂ ಕೇಳುವಂತಿಲ್ಲ.